ಬಿಸಿಲೂರಿನ ಮನೆಗೆ ಕಂಪ್ಯೂಟರ್ ಲೆಕ್ಕ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬುದು ಹಳೆಯ ಚಟಾಕಿ. ಪರೀಕ್ಷೆಗೆ ಓದುವ ಮಕ್ಕಳಿಗೆ ಮಾತ್ರ ಇದು ನಗೆಮಾತಲ್ಲ. ಹಗಲಿಡೀ ಕಾದ ಆರ್‌ಸಿಸಿ ತಾರಸಿ ರಾತ್ರಿ ಕೋಣೆಗೆ ಶಾಖ ಇಳಿಸುತ್ತದೆ; ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ.

ಚಳಿ ದೇಶಗಳಲ್ಲಿ ಮನೆಯ ಶಾಖ ಎಲ್ಲಿ ಸೋರುತ್ತದೆಂದು ಕಂಪ್ಯೂಟರ್ ಮಾದರಿಯಿಂದ ತಿಳಿಯುತ್ತಾರೆ. ಇಲ್ಲಿ ಪ್ರಶ್ನೆ ತಿರುಗುಮುರುಗು: ಶಾಖ ಎಲ್ಲಿಂದ ಒಳನುಗ್ಗುತ್ತದೆ? ಅಮೆರಿಕದ ಇಂಧನ ಇಲಾಖೆ ರೂಪಿಸಿದ ‘ಎನರ್ಜಿಪ್ಲಸ್’ ಉಚಿತ ತಂತ್ರಾಂಶ. ಗೋಡೆಯ ದಪ್ಪ, ಕಿಟಕಿಯ ದಿಕ್ಕು, ಛಾವಣಿಯ ಪದರ, ಊರಿನ ಹವೆಯ ವಿವರ ಕೊಟ್ಟರೆ ವರ್ಷದ 8,760 ಗಂಟೆಗಳ ಸೆಕೆಯನ್ನೂ ಲೆಕ್ಕಹಾಕುತ್ತದೆ.

15 ಸೆಂ.ಮೀ. ದಪ್ಪದ ಬರಿಯ ಕಾಂಕ್ರೀಟ್ ಛಾವಣಿಯ ಒಂದು ಚದರ ಮೀಟರಿನಲ್ಲಿ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 3 ವಾಟ್‌ಗೂ ಹೆಚ್ಚು ಶಾಖ ದಾಟುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರ ‘ಇಕೋ ನಿವಾಸ್ ಸಂಹಿತಾ’ದಲ್ಲಿ ಹಾಕಿದ ಮಿತಿ 1.2 ಮಾತ್ರ.

ಸಿರುಗುಪ್ಪ, ಕುರುಗೋಡು ಸೀಮೆಯ ಹಿರಿಯರು ದಪ್ಪ ಗೋಡೆ, ಮಣ್ಣಿನ ಮಾಳಿಗೆಯಿಂದ ಬಿಸಿಲನ್ನು ತಡೆದರು. ತಾರಸಿಗೆ ಬಿಳಿ ಸುಣ್ಣ ಬಳಿದರೆ ಎಷ್ಟು, ಶಾಖ ತಡೆಯುವ ಪದರ ಹಾಸಿದರೆ ಎಷ್ಟು ತಂಪು ಎಂಬುದನ್ನು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿ ಮೊದಲೇ ಹೇಳಬಲ್ಲ. ಮನೆ ಕಟ್ಟಿಸುವ ಪಾಲಕರು ಸ್ಲ್ಯಾಬ್ ಹಾಕಿಸುವ ಮುನ್ನವೇ ಕೇಳಬೇಕು. ಪರದೆಯ ಮೇಲೆ ಛಾವಣಿ ಬದಲಿಸಲು ಕಾಸು ಬೇಕಿಲ್ಲ.