ಹಿಂದಿನ ಬೆಂಚಿನ ಮೊಬೈಲು

ಶಹಾಪುರದ ಸರ್ಕಾರಿ ಶಾಲೆಯೊಂದರ ಎಂಟನೆಯ ತರಗತಿ. ಕಿಟಕಿಯಾಚೆ ಗುಡ್ಡದ ಸಾಲು. ದೂರದ ರಸ್ತೆಯಿಂದ ನೋಡಿದವರಿಗೆ ಮಲಗಿದ ಬುದ್ಧನಾಗಿ ಕಾಣುವ ಅದು ಇಷ್ಟು ಹತ್ತಿರದಿಂದ ಬರೀ ಬಂಡೆಗಳ ರಾಶಿ. ಇವತ್ತು ಇಲ್ಲಿ ಬಿ.ಇಡಿ. ಪ್ರಾಕ್ಟಿಕಲ್. ವರಾಂಡದಲ್ಲಿ ಒಂದೇ ಬಣ್ಣದ ಸೀರೆ ಉಟ್ಟ ಪ್ರಶಿಕ್ಷಣಾರ್ಥಿಗಳು ಗೋಡೆಗೆ ಒರಗಿ ಲೆಸನ್ ಪ್ಲಾನ್ ಒಪ್ಪಿಸಿಕೊಳ್ಳುತ್ತಿದ್ದಾರೆ. ಒಬ್ಬಳ ಕಂಕುಳಲ್ಲಿ ಸುರುಳಿ ಚಾರ್ಟು. ಇನ್ನೊಬ್ಬಳ ಕೈಯಲ್ಲಿ ಥರ್ಮಾಕೋಲಿನಲ್ಲಿ ಕೊರೆದ ಹೃದಯ. ಬಣ್ಣ ಒಣಗದೆ ಸೀರೆಯ ನೆರಿಗೆಗೂ ಒಂದಿಷ್ಟು ಕೆಂಪು ಹತ್ತಿದೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಸುಸಲಾ, ಮಿರ್ಚಿ ಭಜಿ ಆಗಿ ಚಹಾ ಬಂದಿದೆ.

ಒಳಗಿನ ಮಕ್ಕಳಿಗೆ ಎಲ್ಲ ಗೊತ್ತು. ಇದೇ ಪಾಠ ಅವರಿಗೆ ನಿನ್ನೆಯೂ ಆಗಿದೆ. ಪೀಠಿಕೆಯ ಮೂರನೇ ಪ್ರಶ್ನೆಗೆ ಯಾರು ಕೈ ಎತ್ತಬೇಕು, ಯಾರು ಸುಮ್ಮನಿರಬೇಕು ಎಂಬುದೂ ತೀರ್ಮಾನವಾಗಿದೆ. ಹೊಸತೆಂದರೆ ಕೊನೆಯ ಬೆಂಚಿನ ಮೇಲೆ ಪುಟ್ಟ ಸ್ಟ್ಯಾಂಡಿನಲ್ಲಿ ನಿಂತ ಮೊಬೈಲು. ಕಾಲೇಜಿನ ಉಪನ್ಯಾಸಕರೊಬ್ಬರು ತಾವಾಗಿಯೇ ತಂದಿಟ್ಟದ್ದು. ಪಾಠ ಮಾಡಲು ಬಂದು ಬಾಗಿಲಲ್ಲೇ ನಿಂತ ಹುಡುಗಿಯ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆ.

“ರಿಕಾರ್ಡ್ ಆಗ್ಲಕತ್ತದೇನ್ರಿ ಸರ?”

“ಆಗ್ಲಿ ಬಿಡವ್ವ. ನೀ ಬೋರ್ಡಿನ ಕಡಿ ನೋಡು.”

ಆ ಅಂಜಿಕೆಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈ ಯಾದಗಿರಿ ಜಿಲ್ಲೆಯ ಪರೀಕ್ಷಾ ಕೋಣೆಗೆ ಕ್ಯಾಮೆರಾ ಕಾಲಿಟ್ಟದ್ದು ಕಾವಲುಗಾರನ ವೇಷದಲ್ಲಿ. 2023ರ ಅಕ್ಟೋಬರ್ 28ರಂದು ನಿಗಮ-ಮಂಡಳಿಗಳ ಹುದ್ದೆಗೆ ನಡೆದ ಪರೀಕ್ಷೆಯಲ್ಲಿ ಬ್ಲೂಟೂತ್ ನಕಲು ಸಿಕ್ಕಿಬಿದ್ದದ್ದು ಕಲಬುರಗಿ ಮತ್ತು ಯಾದಗಿರಿಯಲ್ಲೇ. ಮರುವರ್ಷ ಎಸ್ಸೆಸ್ಸೆಲ್ಸಿಗೆ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಯಾದಗಿರಿ ಶೇ 50.59ರೊಂದಿಗೆ ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ಆಮೇಲೆ ಇಲ್ಲಿ ಕ್ಯಾಮೆರಾ ಎಂದರೆ ಹಿಡಿಯುವುದಕ್ಕೆ ಬಂದದ್ದು ಎಂದೇ ಅರ್ಥ.

ಪಾಠದ ಪರೀಕ್ಷೆಯಲ್ಲಿ ಹಿಡಿಯುವುದಾದರೂ ಯಾರನ್ನು? ಮಕ್ಕಳ ಮುಂದೆ ನಿಂತವಳು ಕಾಪಿ ಹೊಡೆಯಲಾರಳು. ನನ್ನ ಕಣ್ಣು ಅವಳಿಗಿಂತ ಪರೀಕ್ಷಕರ ಕುರ್ಚಿಯ ಕಡೆಗೇ ಹೋಗುತ್ತದೆ. ಒಂದೇ ಹೊತ್ತಿಗೆ ಪಕ್ಕದ ಕೋಣೆಗಳಲ್ಲೂ ಪಾಠ ನಡೆದಿರುತ್ತವೆ. ಅವರು ಇಲ್ಲಿ ಪೀಠಿಕೆ ಕೇಳುತ್ತಾರೆ, “ಇರ್ಲಿ, ಮುಂದಕ್ಕ ಹೋಗ್ರಿ” ಅನ್ನುತ್ತಾರೆ, ಲೆಸನ್ ಪ್ಲಾನಿನ ಹಾಳೆ ಮಗುಚಿ ಒಂದು ಸಹಿ ಹಾಕಿ ಎದ್ದುಬಿಡುತ್ತಾರೆ. ಥರ್ಮಾಕೋಲಿನ ಹೃದಯ ಹೊರಗೆ ಬರುವ ಹೊತ್ತಿಗೆ ಅಂಕ ಬಿದ್ದಾಗಿರುತ್ತದೆ. ಅವರದೇ ತಪ್ಪೆಂದು ಹೇಳಲಾರೆ. ಅಷ್ಟು ಜನರನ್ನು ಅಷ್ಟೇ ದಿನದಲ್ಲಿ ಮುಗಿಸಬೇಕೆಂದು ಯಾರೋ ವೇಳಾಪಟ್ಟಿ ಬರೆದಿದ್ದಾರೆ.

ಬರೆದ ಪರೀಕ್ಷೆಯಲ್ಲಿ ಹೀಗಾದರೆ ಉತ್ತರಪತ್ರಿಕೆಯಾದರೂ ಇರುತ್ತದೆ. ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದ ಮೇಲೆ, ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ಅಭ್ಯರ್ಥಿಗೆ ಉಂಟು. ಕಲಿಸಿದ ಪಾಠಕ್ಕೆ ಪತ್ರಿಕೆ ಎಲ್ಲಿದೆ? ಗಂಟೆ ಹೊಡೆದ ಮೇಲೆ ಉಳಿಯುವುದು ಬೋರ್ಡಿನ ಮೇಲಿನ ಸೀಮೆಸುಣ್ಣದ ಗುರುತು, ಅದನ್ನೂ ಮುಂದಿನ ಪಾಠದವರು ಒರೆಸುತ್ತಾರೆ. ಕಡಿಮೆ ಅಂಕ ಬಿದ್ದವಳು ಏನನ್ನು ತೋರಿಸಿ ಕೇಳಬೇಕು?

ತಮಾಷೆಯ ಸಂಗತಿಯೊಂದಿದೆ. ಈ ಕಾಲೇಜುಗಳಲ್ಲೆಲ್ಲ ಮಾಡಿಸುವ ಸೂಕ್ಷ್ಮಬೋಧನೆ ಹುಟ್ಟಿದ್ದೇ ಕ್ಯಾಮೆರಾದ ಜೊತೆಗೆ. 1960ರ ದಶಕದ ಮೊದಲಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಅದನ್ನು ರೂಪಿಸಿದಾಗ, ಕೆಲವೇ ನಿಮಿಷದ ಪಾಠವನ್ನು ವಿಡಿಯೊ ಟೇಪಿನಲ್ಲಿ ಹಿಡಿದು ಕಲಿಸಿದವರಿಗೇ ತೋರಿಸುತ್ತಿದ್ದರು. ನಮ್ಮಲ್ಲಿಗೆ ಬರುವಾಗ ಯಂತ್ರ ದುಬಾರಿಯಾಗಿ, ಅದರ ಜಾಗದಲ್ಲಿ ಸಹಪಾಠಿ ಕುಳಿತು ಅವಲೋಕನದ ಹಾಳೆ ತುಂಬತೊಡಗಿದಳು. ಗೆಳತಿಗೆ ಗೆಳತಿ ಕಡಿಮೆ ಹಾಕುವುದುಂಟೇ? ಈಗ ಪ್ರತಿಯೊಬ್ಬರ ಕೈಯಲ್ಲೂ ಯಂತ್ರವಿದೆ, ಹಾಳೆ ತುಂಬುವುದು ಮಾತ್ರ ನಿಂತಿಲ್ಲ.

ಹಾಗೆಂದು ವಿಡಿಯೊ ಬೇಡವೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಸುರಪುರದ ಏರಿನ ಶಾಲೆಯೊಂದರಲ್ಲಿ ಕುಳಿತರೆ ಅದು ಕಿವಿಗೇ ಕೇಳುತ್ತದೆ. ಮೊಬೈಲು ಇಲ್ಲದಾಗ ಪಾಠ “ನೀರು ಎಲ್ಲಿಂದ ಬರ್ತದ? ನಾರಾಯಣಪುರ ಡ್ಯಾಮಿಂದ ಕೆನಾಲಿಗೆ, ಕೆನಾಲಿಂದ ನಿಮ್ಮ ಹೊಲಕ್ಕ” ಎಂದು ಹರಿಯುತ್ತದೆ. ಮಕ್ಕಳು ಕೇಳದಿದ್ದರೂ ಹೇಳುತ್ತಾರೆ: ನಮ್ಮ ಹೊಲಕ್ಕ ಬರಂಗಿಲ್ರೀ, ಟೇಲ್ ಎಂಡಿನಾಗ ಅದ. ಮೊಬೈಲು ಕಂಡ ಕೂಡಲೇ ಅದೇ ಬಾಯಿ “ಜಲಾಶಯದಿಂದ ಕಾಲುವೆಗಳ ಮೂಲಕ ನೀರನ್ನು ಪೂರೈಸಲಾಗುತ್ತದೆ” ಎಂದು ಬಿಗಿಯುತ್ತದೆ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಆಮೇಲೆ ವಿಡಿಯೊ ನೋಡಿದವರು ಎರಡನೆಯದನ್ನೇ ಶುದ್ಧ, ಶಿಸ್ತಿನ ಪಾಠವೆಂದು ಹೊಗಳಿದರೆ ಆಶ್ಚರ್ಯವಿಲ್ಲ.

ಇದೇ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1840ರ ದಶಕದಲ್ಲಿ ಇಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡುತ್ತಿದ್ದ ಮೆಡೋಸ್ ಟೇಲರ್, ಎಳೆಯ ರಾಜ ವೆಂಕಟಪ್ಪ ನಾಯಕನ ಓದುಬರಹದ ಹೊಣೆಯನ್ನೂ ಹೊತ್ತಿದ್ದ. 1858ರಲ್ಲಿ ಶಿಷ್ಯ ಬ್ರಿಟಿಷರ ವಿರುದ್ಧ ಎದ್ದ. ಆ ಪಾಠ ಹೇಗಿತ್ತೆಂದು ಇಂದು ನಮಗೆ ಹೇಳುವುದು ಬಹುಪಾಲು ಟೇಲರನ ಆತ್ಮಕಥೆಯೇ. ಒಬ್ಬರದೇ ಕೈಯ ದಾಖಲೆಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಈ ಊರಿಗೆ ಹಳೆಯದು.

ನನ್ನ ಮಟ್ಟಿಗೆ ರೆಕಾರ್ಡ್ ಆಗಲಿ. ಆದರೆ ಮೊಬೈಲು ಹಿಂದೆಯೇ ಇರಲಿ, ಬೋರ್ಡನ್ನೂ ಕಲಿಸುವವರನ್ನೂ ನೋಡಲಿ. ಮಕ್ಕಳ ಬೆನ್ನು ಕಂಡರೆ ಸಾಕು. 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುವ 2023ರ ಕಾಯ್ದೆ ಒತ್ತಟ್ಟಿಗಿರಲಿ, ಯಾರದೋ ಪರೀಕ್ಷೆಗೆಂದು ಎರಡು ದಿನ ಅದೇ ಪಾಠ ಕೇಳಿದ ಮಕ್ಕಳ ಮುಖ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದು ನ್ಯಾಯವಲ್ಲ. ಪರೀಕ್ಷೆಗೆ ಮೊದಲು ಕೆಲವು ವಾರ ದಿನದ ಪಾಠಕ್ಕೂ ಮೊಬೈಲು ಇಟ್ಟು, ಕಲಿಸಿದವರಿಗಷ್ಟೇ ತೋರಿಸಿ ಅಳಿಸಿದರೆ ನಾಲಿಗೆಯ ಬಿಗಿ ತಾನಾಗಿ ಸಡಿಲುತ್ತದೆ. ಪರೀಕ್ಷೆಯ ದಿನದ ರೆಕಾರ್ಡಿನಲ್ಲಿ ಪರೀಕ್ಷಕರು ಒಳಗೆ ಬಂದ ಹೊತ್ತು, ಎದ್ದ ಹೊತ್ತು ಎರಡೂ ದಾಖಲಾಗಬೇಕು.

ಇನ್ನು ಆ ರೆಕಾರ್ಡಿನ ಮೆಮೊರಿ ಕಾರ್ಡು ಯಾರ ಕಪಾಟಿನಲ್ಲಿ ಇರಬೇಕು ಎಂಬ ಮಾತು. ಕಾಲೇಜಿನಲ್ಲಂತೂ ಬೇಡ, ಉತ್ತರಪತ್ರಿಕೆಯ ಹಾಗೆ ಸೀಲಾಗಿ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಹೋಗಲಿ. ಯಾದಗಿರಿಯ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಪರೀಕ್ಷೆ ಮುಗಿಸಿ ಬಂದ ಒಬ್ಬಳು ಕೇಳಿದ್ದೂ ಇಷ್ಟೇ: “ರೊಕ್ಕ ತುಂಬಿದ್ರ ನಮಗೂ ಒಂದ್ ಕಾಪಿ ಕೊಡ್ತಾರೇನ್ರಿ?” ಉತ್ತರಪತ್ರಿಕೆಯ ಜೆರಾಕ್ಸಿಗೆ ಶುಲ್ಕ ಕಟ್ಟಿಸಿಕೊಳ್ಳುವವರು ಇದಕ್ಕೂ ಒಂದು ದರ ಗೊತ್ತುಮಾಡಬಹುದು.