ಗಾಳಿಗೂ ಬೆಲೆಯುಂಟು

ಕೆಲವು ವಾರಗಳ ಹಿಂದೆ ಒಂದು ಭಾನುವಾರ ಸಂಜೆ ನಾವು ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದೆವು. ಜೀಡಿಮೆಟ್ಲದ ಕಡೆ ಕಾರಖಾನೆಯೊಂದರಲ್ಲಿ ಕೆಲಸಮಾಡುವ, ರಾಯಚೂರು ಸೀಮೆಯ ತರುಣರೊಬ್ಬರು ಬಂದು ಕೇಳಿದರು: "ಅಣ್ಣಾರ, ನಮ್ಮ ಕಾರಖಾನ್ಯಾಗ 'ಗಾಳಿ ಉಳಿಸಿರಿ' ಅಂತ ಬೋರ್ಡ್ ಹಾಕ್ಯಾರ. ಗಾಳಿಗೂ ರೊಕ್ಕ ಕೊಡಬೇಕೇನ್ರಿ?"

ಸುತ್ತ ಕುಳಿತಿದ್ದವರು ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಏಕೆಂದರೆ ಗಾಳಿಗೆ ಬೆಲೆಯಿಲ್ಲವೆಂದು ತಿಳಿದು ನಾವೇ ಒಂದು ತಪ್ಪು ಮಾಡಿದ್ದುಂಟು. ಅದನ್ನು ಮುಂದೆ ಹೇಳುತ್ತೇವೆ. ನಮ್ಮ ವಾಚಕರಲ್ಲಿ ಅನೇಕರು ಗಿರಣಿ, ವರ್ಕ್‌ಶಾಪು, ಔಷಧಿ ಕಾರಖಾನೆ, ಬಸ್ ಡಿಪೋಗಳಲ್ಲಿ ದುಡಿಯುವವರು. ಉಳಿದವರು ಅಂಥ ಕಡೆಗಳಲ್ಲಿ ಲೆಕ್ಕ ಬರೆಯುವವರು. ಇಬ್ಬರಿಗೂ ಈ ವಿಷಯ ಬೇಕಾದದ್ದೇ.

ಗಾಳಿ ಶಕ್ತಿಯಾಗುವ ಬಗೆ

ನಮ್ಮ ಊರುಗಳಲ್ಲಿ ಕಮ್ಮಾರನ ಕುಲುಮೆಯ ತಿದಿಯನ್ನು ನೋಡದವರು ಕಡಿಮೆ. ಚರ್ಮದ ಚೀಲವನ್ನು ಅಮುಕಿದರೆ ಗಾಳಿ ಮೂತಿಯಿಂದ ರಭಸವಾಗಿ ಹೊರಡುತ್ತದೆ. ಕಾರಖಾನೆಯ ಕಂಪ್ರೆಸರ್ ಅದರ ದೊಡ್ಡಣ್ಣ. ಅದು ಹೊರಗಿನ ಗಾಳಿಯನ್ನು ಎಳೆದು, ಅದುಮಿ, ಉಕ್ಕಿನ ಟ್ಯಾಂಕಿನಲ್ಲಿ ತುಂಬುತ್ತದೆ. ಅಲ್ಲಿಂದ ಪೈಪುಗಳ ಮೂಲಕ ಆ ಗಾಳಿ ಯಂತ್ರಗಳಿಗೆ ಹೋಗುತ್ತದೆ. ನಾವು "ಏಳು ಕಿಲೋ ಪ್ರೆಷರ್" ಎನ್ನುತ್ತೇವಲ್ಲ, ಅದರ ಅರ್ಥ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಏಳು ಕಿಲೋಗ್ರಾಂ ಭಾರದಷ್ಟು ಒತ್ತಡವೆಂದು.

ನೂಲಿನ ಗಿರಣಿಯಲ್ಲಿ ಕಡಿದ ಎಳೆಯನ್ನು ಗಂಟಿಲ್ಲದೆ ಕೂಡಿಸುವುದು ಈ ಗಾಳಿ. ಏರ್‌ಜೆಟ್ ಮಗ್ಗದಲ್ಲಿ ಲಾಳಿಯೇ ಇಲ್ಲ; ಹೊಕ್ಕಿನ ಎಳೆಯನ್ನು ಗಾಳಿಯೇ ಊದಿ ದಾಟಿಸುತ್ತದೆ. ಬಸ್ಸಿನ ಬ್ರೇಕು ಹಿಡಿಯುವುದೂ, ಬಣ್ಣದ ಗನ್ನು ಬಣ್ಣ ಚಿಮ್ಮುವುದೂ ಇದರಿಂದಲೇ.

ಸೈಕಲ್ಲಿಗೆ ಪಂಪು ಹೊಡೆದವರಿಗೆ ಗೊತ್ತು: ನಾಲ್ಕು ಬಾರಿ ಒತ್ತುವಷ್ಟರಲ್ಲಿ ಪಂಪಿನ ಬುಡ ಬಿಸಿಯಾಗುತ್ತದೆ. ನಮ್ಮ ತೋಳಿನ ಶಕ್ತಿಯಲ್ಲಿ ಒಂದು ಪಾಲು ಹೀಗೆ ಶಾಖವಾಗಿ ಹೋಯಿತು. ಕಂಪ್ರೆಸರಿನಲ್ಲಿಯೂ ಇದೇ ಕಥೆ. ಅದಕ್ಕೆ ಕೊಟ್ಟ ನೂರು ಯೂನಿಟ್ ವಿದ್ಯುತ್ತಿನಲ್ಲಿ ಎಂಬತ್ತಕ್ಕಿಂತ ಹೆಚ್ಚು ಶಾಖವಾಗಿ ಹೋಗುತ್ತದೆ. ಯಂತ್ರದ ತುದಿಯಲ್ಲಿ ಕೆಲಸಕ್ಕೆ ದೊರೆಯುವುದು ಹತ್ತರಿಂದ ಇಪ್ಪತ್ತು ಯೂನಿಟ್ಟಿನಷ್ಟು ಮಾತ್ರ. ಆದುದರಿಂದ ಕಾರಖಾನೆಯಲ್ಲಿ ಬಳಸುವ ಶಕ್ತಿಗಳಲ್ಲಿ ಅದುಮಿದ ಗಾಳಿಯೇ ಬಹಳ ದುಬಾರಿ. ಬಯಲಿನ ಗಾಳಿ ಪುಕ್ಕಟೆ, ನಿಜ. ಪೈಪಿನೊಳಗಿನ ಗಾಳಿ ಪುಕ್ಕಟೆಯಲ್ಲ. ಅದು ರೂಪ ಬದಲಿಸಿದ ವಿದ್ಯುತ್ತು.

ಗಾಳಿಗೆ ಬೆಲೆ ಕಟ್ಟುವುದು ಹೊಸದೂ ಅಲ್ಲ. ಪ್ಯಾರಿಸ್ ನಗರದಲ್ಲಿ ಸುಮಾರು ೧೮೮೦ರಿಂದ ಬೀದಿಯ ಕೆಳಗೆ ಪೈಪು ಹಾಕಿ, ನಾವು ನಲ್ಲಿ ನೀರನ್ನು ಕೊಳ್ಳುವಂತೆ, ಅದುಮಿದ ಗಾಳಿಯನ್ನು ಗಿರಾಕಿಗಳಿಗೆ ಮಾರುತ್ತಿದ್ದರು. ಮೊದಲು ಅದರಿಂದ ಊರಿನ ಗಡಿಯಾರಗಳು ನಡೆದವು, ಅನಂತರ ವರ್ಕ್‌ಶಾಪಿನ ಯಂತ್ರಗಳು. ಆ ವ್ಯವಸ್ಥೆ ೧೯೯೪ರವರೆಗೂ ಇತ್ತು. ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಕೋಲಾರದ ಚಿನ್ನದ ಗಣಿಯನ್ನು ನೆನೆಯಬೇಕು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿ ತಂತಿಯ ಮೇಲೆ ಆ ಗಣಿಗಳಿಗೆ ಬಂದಿತು. ಆದರೆ ನೆಲದಾಳದಲ್ಲಿ ಬಂಡೆ ಕೊರೆಯುವ ಡ್ರಿಲ್ಲುಗಳಿಗೆ ಬೇಕಾಗಿದ್ದುದು ಅದುಮಿದ ಗಾಳಿ. ನೀರು, ಧೂಳು, ಸೆಕೆ ತುಂಬಿದ ಸುರಂಗದಲ್ಲಿ ಗಾಳಿಯ ಡ್ರಿಲ್ಲು ಶಾಕ್ ಹೊಡೆಯದು. ಅದು ಬಿಟ್ಟ ಗಾಳಿ ದುಡಿಯುವವನಿಗೆ ಸ್ವಲ್ಪ ತಂಪನ್ನೂ ಕೊಡುತ್ತದೆ. ೨೦೦೧ರಲ್ಲಿ ಆ ಗಣಿಗಳು ಮುಚ್ಚಿದವು. ಗಾಳಿ ದುಬಾರಿಯಾದರೂ ಅದನ್ನು ಬಳಸುವುದೇಕೆ ಎಂಬುದಕ್ಕೆ ಉತ್ತರ ಅಲ್ಲಿದೆ: ಕೆಲವು ಕೆಲಸಗಳಿಗೆ ಅದರಷ್ಟು ಒಗ್ಗುವುದು ಬೇರೆ ಇಲ್ಲ. ತಪ್ಪಿರುವುದು ಅದನ್ನು ಬಳಸುವುದರಲ್ಲಲ್ಲ, ಪೋಲುಮಾಡುವುದರಲ್ಲಿ.

ಸಣ್ಣ ತೂತಿನ ದೊಡ್ಡ ಲೆಕ್ಕ

ನಾವು ಗುಮಾಸ್ತರು, ಲೆಕ್ಕ ಹಾಕದೆ ನಂಬುವವರಲ್ಲ. ಹಾಕಿಯೇ ನೋಡೋಣ.

ಏಳು ಕಿಲೋ ಒತ್ತಡದ ಪೈಪಿನಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಇದೆಯೆನ್ನಿ. ಒಂದು ಜೋಳದ ಕಾಳು ಹಿಡಿಸುವಷ್ಟು ತೂತು. ಅದರಿಂದ ಸೋರುವ ಗಾಳಿಯನ್ನು ಮತ್ತೆ ತುಂಬಲು ಕಂಪ್ರೆಸರಿಗೆ ಸುಮಾರು ೩ ಕಿಲೋವ್ಯಾಟ್ ಶಕ್ತಿ ಬೇಕು. ಅಂದರೆ ಗಂಟೆಗೆ ೩ ಯೂನಿಟ್, ದಿನಕ್ಕೆ ೭೨ ಯೂನಿಟ್. ವರ್ಷದಲ್ಲಿ ೩೦೦ ದಿನ ಗಿರಣಿ ನಡೆದರೆ ೨೧,೬೦೦ ಯೂನಿಟ್. ಯೂನಿಟ್ಟಿಗೆ ೭ ರೂಪಾಯಿಯಂತೆ ಹಿಡಿದರೆ ೧,೫೧,೨೦೦ ರೂಪಾಯಿ. ಒಂದೇ ತೂತಿಗೆ! ನಮ್ಮ ವಾಚಕರಲ್ಲಿ ಎಷ್ಟು ಜನರ ಮನೆ ಎಷ್ಟು ತಿಂಗಳು ಆ ಹಣದಲ್ಲಿ ನಡೆದೀತೆಂಬುದನ್ನು ಅವರವರೇ ಎಣಿಸಿಕೊಳ್ಳಲಿ.

ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಎಣ್ಣೆ ಸೋರಿದರೆ ಕಲೆ ಬೀಳುತ್ತದೆ. ಗಾಳಿ ಸೋರಿದರೆ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. 'ಸುಸ್' ಎಂಬ ಸದ್ದೊಂದೇ ಗುರುತು. ಅದೂ ಯಂತ್ರಗಳ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇದರಿಂದಲೇ ಸರಿಯಾಗಿ ನೋಡಿಕೊಳ್ಳದ ಕಾರಖಾನೆಗಳಲ್ಲಿ ಕಂಪ್ರೆಸರ್ ತಯಾರಿಸಿದ ಗಾಳಿಯಲ್ಲಿ ನೂರಕ್ಕೆ ೨೦ರಿಂದ ೩೦ ಪಾಲು ಸೋರಿಯೇ ಹೋಗುವುದು ಸಾಮಾನ್ಯ. ಚೆನ್ನಾಗಿ ನೋಡಿಕೊಂಡರೆ ಇದನ್ನು ನೂರಕ್ಕೆ ೧೦ಕ್ಕಿಂತ ಕೆಳಗೆ ಇಳಿಸಬಹುದು.

ನಾವು ಮಾಡಿದ ತಪ್ಪು

ಈಗ ನಮ್ಮ ಮಾತು. ನಾವು ಕೆಲಸಮಾಡುವ ಗಿರಣಿಯಲ್ಲಿ ಫಿಟ್ಟರ್ ಸಾಹೇಬರೊಬ್ಬರು ಪೈಪಿನ ಕಪ್ಲಿಂಗು, ವಾಷರು, ಹೋಸ್ ಕ್ಲಿಪ್ಪುಗಳಿಗಾಗಿ ಇಂಡೆಂಟ್ ಕಳಿಸಿದರು. ಬೆಲೆ ಕೆಲವೇ ಸಾವಿರ. ಆ ತಿಂಗಳು ಸ್ಟೋರ್ಸ್ ಖರ್ಚು ಕಡಿಮೆ ತೋರಿಸಬೇಕಾಗಿತ್ತು. "ಮುಂದಿನ ತಿಂಗಳು ನೋಡೋಣ" ಎಂದು ಬರೆದು ನಾವು ಹಿಂದಕ್ಕೆ ಕಳಿಸಿದೆವು. ಮುಂದಿನ ತಿಂಗಳೂ ಹಾಗೆಯೇ ಬರೆದೆವು. ಮೂರನೆಯ ಸಲವೂ ಅದೇ. ಖರ್ಚು ಉಳಿಸಿದೆವೆಂದು ನಮಗೆ ಹೆಮ್ಮೆಯೇ ಆಗಿತ್ತು.

ಅತ್ತ ವಿದ್ಯುತ್ ಬಿಲ್ಲು ಏರುತ್ತಿತ್ತು. ಆ ಬಿಲ್ಲು ಬರುವುದೂ ನಮ್ಮ ಮೇಜಿಗೇ. ಆದರೆ ಆ ಕಾಗದಕ್ಕೂ ಈ ಕಾಗದಕ್ಕೂ ಸಂಬಂಧವಿದೆಯೆಂದು ನಮಗೆ ಹೊಳೆಯಲಿಲ್ಲ. ಖರ್ಚು ಇಳಿಸಬೇಕೆಂದು ಮೇಲಿನವರು ತೀರ್ಮಾನಿಸಿದಾಗ ಮೊದಲ ಪೆಟ್ಟು ಬಿದ್ದುದು ಬದಲಿ ಕೆಲಸಗಾರರ ಮೇಲೆ. ಅವರಿಗೆ ತಿಂಗಳಿಗೆ ಸಿಗುತ್ತಿದ್ದ ಹಾಜರಿ ಅರ್ಧಕ್ಕೆ ಇಳಿಯಿತು. ಆ ಪಟ್ಟಿಯನ್ನು ಬರೆದುದೂ ನಮ್ಮ ಕೈಯೇ.

ಒಂದು ವಾರದ ರಜೆಯ ದಿನ ಫಿಟ್ಟರ್ ಸಾಹೇಬರು ನಮ್ಮನ್ನು ಕರೆದುಕೊಂಡು ಹೋಗಿ ಕಂಪ್ರೆಸರ್ ಕೋಣೆಯಲ್ಲಿ ನಿಲ್ಲಿಸಿದರು. ಗಿರಣಿಯ ಎಲ್ಲ ಯಂತ್ರಗಳೂ ನಿಂತಿದ್ದವು. ಗಾಳಿಯನ್ನು ಬಳಸುವವರು ಒಬ್ಬರೂ ಇಲ್ಲ. ಕಂಪ್ರೆಸರನ್ನು ಮಾತ್ರ ಚಾಲೂ ಮಾಡಿದರು. ಟ್ಯಾಂಕು ತುಂಬಿತು, ಯಂತ್ರದ ಸದ್ದು ಹಗುರವಾಯಿತು. "ಗಡಿಯಾರ ನೋಡ್ರಿ" ಎಂದರು. ಐದು ನಿಮಿಷವಾದ ಮೇಲೆ ಅದು ಮತ್ತೆ ಭಾರ ಎತ್ತಿಕೊಂಡು ಗುಡುಗತೊಡಗಿತು. ಎರಡು ನಿಮಿಷ ದುಡಿದು ಮತ್ತೆ ಹಗುರವಾಯಿತು. ಮತ್ತೆ ಐದು, ಮತ್ತೆ ಎರಡು. ಏಳು ನಿಮಿಷಕ್ಕೆ ಎರಡು ನಿಮಿಷ, ಎಂದರೆ ನೂರಕ್ಕೆ ಸುಮಾರು ೨೮ ಪಾಲು ಗಾಳಿಯನ್ನು ಅದು ಯಾರಿಗೂ ಅಲ್ಲದೆ ತೂತುಗಳಿಗಾಗಿಯೇ ದುಡಿದು ಕೊಡುತ್ತಿತ್ತು.

ಆಮೇಲೆ ಇಬ್ಬರೂ ಪೈಪಿನುದ್ದಕ್ಕೂ ನಡೆದೆವು. ನಿಶ್ಶಬ್ದದಲ್ಲಿ ಗಿರಣಿಯೇ ಹಾವಿನ ಹುತ್ತದಂತೆ ಬುಸುಗುಡುತ್ತಿತ್ತು. ನಾವು ಮೂರು ಸಲ ತಿರುಗಿಸಿ ಕಳಿಸಿದ್ದ ಇಂಡೆಂಟಿನ ಸಾಮಾನುಗಳು ಯಾವ ಯಾವ ಜಾಗಕ್ಕೆ ಬೇಕಾಗಿದ್ದವೋ ಆ ಜಾಗಗಳಿಂದಲೇ ಸದ್ದು ಬರುತ್ತಿತ್ತು. ಫಿಟ್ಟರ್ ಸಾಹೇಬರು ಒಂದು ಮಾತನ್ನೂ ಆಡಲಿಲ್ಲ. ಸೀಮೆಸುಣ್ಣದಿಂದ ಒಂದೊಂದಕ್ಕೂ ಗುಂಡು ಸುತ್ತುತ್ತ ಹೋದರು.

ಸಾಮಾನು ಬಂದಿತು, ದುರಸ್ತಿ ನಡೆಯಿತು. ಒಂದು ತಿಂಗಳ ಮೇಲೆ ಮತ್ತೆ ಗಡಿಯಾರ ಹಿಡಿದಾಗ ಹನ್ನೆರಡು ನಿಮಿಷಕ್ಕೆ ಒಂದೇ ನಿಮಿಷ ಯಂತ್ರ ದುಡಿಯಿತು. ನೂರಕ್ಕೆ ೨೮ ಇದ್ದುದು ೮ಕ್ಕೆ ಇಳಿಯಿತು. ಬಿಲ್ಲೂ ಇಳಿಯಿತು. ಬದಲಿಯವರಿಗೆ ಹಾಜರಿ ಮತ್ತೆ ಹೆಚ್ಚಿತು. ಆದರೆ ಯಾದಗಿರಿ ಕಡೆಯ ಹುಡುಗನೊಬ್ಬ ಅಷ್ಟರಲ್ಲಿಯೇ ಕೋಣೆಯ ಬಾಡಿಗೆ ಕಟ್ಟಲಾರದೆ ಊರಿಗೆ ಹೋಗಿಬಿಟ್ಟಿದ್ದ. ಅವನು ತಿರುಗಿ ಬರಲಿಲ್ಲ. ಉಳಿತಾಯವೆಂದು ನಾವು ಬರೆದ ಮೂರು ಸಾಲುಗಳ ಬೆಲೆಯನ್ನು ಅವನು ತೆತ್ತ.

ಗುಮಾಸ್ತರಾದ ಬಂಧುಗಳಿಗೆ ನಾವು ಹೇಳುವುದು ಇಷ್ಟೆ: ಕೊಂಡ ವಸ್ತುವಿಗೆ ರಸೀದಿ ಉಂಟು, ಸೋರಿದ ಗಾಳಿಗೆ ರಸೀದಿ ಇಲ್ಲ. ರಸೀದಿ ಇಲ್ಲದ ಖರ್ಚು ಖರ್ಚೇ ಅಲ್ಲವೆಂದು ತಿಳಿಯಬಾರದು. ಇಂಡೆಂಟನ್ನು ತಡೆಯುವ ಮೊದಲು ವಿದ್ಯುತ್ ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಬೇಕು.

ಏನು ಮಾಡಬಹುದು

ಸೋರಿಕೆಯನ್ನು ಹುಡುಕಲು ದೊಡ್ಡ ಉಪಕರಣ ಬೇಕೆಂದಿಲ್ಲ. ದೊಡ್ಡ ಕಾರಖಾನೆಗಳಲ್ಲಿ ನಮ್ಮ ಕಿವಿಗೆ ನಿಲುಕದ ಸದ್ದನ್ನೂ ಹಿಡಿಯುವ ಉಪಕರಣವಿರುತ್ತದೆ. ಅದಿಲ್ಲದ ಕಡೆ ಪಂಕ್ಚರ್ ಅಂಗಡಿಯವನ ಉಪಾಯವೇ ಸಾಕು: ಸಾಬೂನಿನ ನೊರೆಯನ್ನು ಜೋಡಣೆಗೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಪೈಪಿನ ಜೋಡಣೆ, ರಬ್ಬರ್ ಹೋಸಿನ ತುದಿ, ವಾಲ್ವು, ಗಾಳಿ ಸೋಸುವ ಫಿಲ್ಟರಿನ ಬಟ್ಟಲು, ಇವೇ ಹೆಚ್ಚಾಗಿ ಸೋರುವ ಜಾಗಗಳು. ಕಂಡ ಕೂಡಲೆ ಗುರುತುಮಾಡಿ ಮೇಸ್ತ್ರಿಗೆ ತಿಳಿಸಬೇಕು. ಸಾಧ್ಯವಾದರೆ ಪುಸ್ತಕದಲ್ಲಿ ಬರೆಸಬೇಕು. ಒತ್ತಡವಿರುವ ಪೈಪನ್ನು ತಾವೇ ಬಿಚ್ಚಲು ಹೋಗಬಾರದು. ವಾಲ್ವು ಮುಚ್ಚಿ, ಒಳಗಿನ ಗಾಳಿ ಪೂರ್ತಿ ಹೋದ ಮೇಲೆ ತಿಳಿದವರು ಮಾಡಬೇಕಾದ ಕೆಲಸ ಅದು.

ಗಾಳಿ ಸಾಲದೆಂದು ತೋರಿದರೆ ಅನೇಕರು ಮಾಡುವ ಮೊದಲ ಕೆಲಸ ಒತ್ತಡ ಏರಿಸುವುದು. ಇದು ತೂತು ಕೊಡಕ್ಕೆ ಇನ್ನಷ್ಟು ರಭಸದಿಂದ ನೀರು ಸುರಿದಂತೆ. ಒತ್ತಡ ಏರಿದಷ್ಟೂ ಸೋರಿಕೆಯೂ ಏರುತ್ತದೆ. ಬದಲಾಗಿ, ಯಂತ್ರಕ್ಕೆ ನಿಜವಾಗಿ ಎಷ್ಟು ಬೇಕೆಂದು ನೋಡಿ ಒಂದು ಕಿಲೋ ಇಳಿಸಿದರೆ ಕಂಪ್ರೆಸರಿನ ವಿದ್ಯುತ್ತಿನಲ್ಲಿ ನೂರಕ್ಕೆ ೬ರಿಂದ ೮ರಷ್ಟು ಉಳಿಯುತ್ತದೆ.

ಕಂಪ್ರೆಸರ್ ಉಸಿರಾಡುವ ಗಾಳಿ ತಂಪಾಗಿರಬೇಕು. ಅದು ಸುಮಾರು ೪ ಡಿಗ್ರಿ ಹೆಚ್ಚು ಬಿಸಿಯಾದರೆ ಖರ್ಚು ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ. ನಮ್ಮ ಹೈದರಾಬಾದಿನಲ್ಲಿ ಮೇ ತಿಂಗಳ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಯಂತ್ರದ ಶಾಖವೂ ಸೇರಿದರೆ ಹೇಳುವುದೇ ಬೇಡ. ಆದುದರಿಂದ ಗಾಳಿ ಎಳೆಯುವ ಬಾಯಿ ಕೋಣೆಯ ಹೊರಗೆ, ನೆರಳಿನಲ್ಲಿರುವುದು ಒಳ್ಳೆಯದು. ಹತ್ತಿಯ ದೂಳು ಮೆತ್ತಿಕೊಳ್ಳುವ ಫಿಲ್ಟರನ್ನು ಆಗಾಗ ಶುಚಿಮಾಡಬೇಕು. ಟ್ಯಾಂಕಿನ ತಳದಲ್ಲಿ ನಿಲ್ಲುವ ನೀರನ್ನು ಬಿಡುವ ನಲ್ಲಿಯನ್ನು ಕೆಲವರು ಸೋಮಾರಿತನದಿಂದ ಸದಾ ಅರ್ಧ ತೆರೆದಿಟ್ಟಿರುತ್ತಾರೆ. ಅದೂ ಒಂದು ತೂತೇ. ಶಿಫ್ಟು ಮುಗಿದ ಮೇಲೆ ನಿಂತ ಯಂತ್ರದ ವಾಲ್ವನ್ನು ಮುಚ್ಚಬೇಕು.

ಕೊನೆಯದಾಗಿ, ಹೋಸಿನಿಂದ ಬಟ್ಟೆಯ ದೂಳು ಹಾರಿಸುವ ಅಭ್ಯಾಸ. ಸೆಕೆಯಲ್ಲಿ ಮೈಗೆ ಗಾಳಿ ಹಿಡಿದುಕೊಳ್ಳುವವರೂ ಉಂಟು. ಇದರಲ್ಲಿ ಹಣದ ನಷ್ಟಕ್ಕಿಂತ ಪ್ರಾಣದ ಭಯ ದೊಡ್ಡದು. ಈ ಗಾಳಿ ಕಬ್ಬಿಣದ ಚೂರನ್ನು ಕಣ್ಣಿಗೆ ಹೊಡೆಯಬಲ್ಲದು, ಕಿವಿಯ ತಮಟೆಯನ್ನು ಹರಿಯಬಲ್ಲದು, ಗಾಯದ ಮೂಲಕ ರಕ್ತದೊಳಗೆ ಹೋಗಬಲ್ಲದು. ತಮಾಷೆಗೆಂದು ಗೆಳೆಯನ ಮೈಗೆ ಹೋಸು ಹಿಡಿದು, ಕರುಳು ಹರಿದು ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲಿಯೇ ನಡೆದಿವೆ. ಹತ್ತಿಯ ದೂಳನ್ನು ಊದಿ ಎಬ್ಬಿಸಿದರೆ ಅದು ಹೋಗುವುದು ನಮ್ಮ ಪುಪ್ಪುಸಕ್ಕೇ. ಬ್ರಷ್ಷು ಇಲ್ಲವೆ ದೂಳು ಹೀರುವ ಯಂತ್ರ ಇದಕ್ಕೆ ಸರಿಯಾದ ಸಾಧನ.

ಸರ್ಕಾರವೂ ಈ ವಿಷಯದಲ್ಲಿ ಸುಮ್ಮನಿಲ್ಲ. ೨೦೦೧ರ ಇಂಧನ ಸಂರಕ್ಷಣಾ ಕಾನೂನಿನ ಮೇರೆಗೆ ೨೦೦೨ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ೨೦೧೨ರಿಂದ, ಬಟ್ಟೆ ಗಿರಣಿಗಳೂ ಸೇರಿ, ದೊಡ್ಡ ದೊಡ್ಡ ಉದ್ಯಮಗಳಿಗೆ ಶಕ್ತಿಯ ಖರ್ಚು ಇಳಿಸುವ ಗುರಿಯನ್ನು ಗೊತ್ತುಮಾಡಲಾಯಿತು. ಆದರೆ ಕಾನೂನು ಪ್ರತಿಯೊಂದು ಪೈಪಿಗೂ ಕಿವಿಗೊಟ್ಟು ನಿಲ್ಲಲಾರದು. ಅಲ್ಲಿ ನಿಂತಿರುವವರು ನಾವು.

ಆ ರಾಯಚೂರಿನ ತರುಣರಿಗೆ ನಮ್ಮ ಉತ್ತರ ಇದು: ಹೌದು, ಗಾಳಿಗೂ ರೊಕ್ಕ ಕೊಡಬೇಕು. ಆ ರೊಕ್ಕ ಮಾಲೀಕರ ಕಿಸೆಯಿಂದ ಮಾತ್ರ ಹೋಗುತ್ತದೆಂದು ತಿಳಿಯಬೇಡಿರಿ. ಗಾಳಿ ಉಳಿದ ಮಾತ್ರಕ್ಕೆ ಸಂಬಳ ಏರುತ್ತದೆಂದು ನಾವು ಹೇಳುವುದಿಲ್ಲ. ಆದರೆ ಗಾಳಿ ಪೋಲಾದರೆ ಅದರ ಪೆಟ್ಟು ಮೊದಲು ಯಾರ ಮೇಲೆ ಬೀಳುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಿಮ್ಮ ಕಾರಖಾನೆಯ ಸದ್ದು ಅಡಗಿದಾಗ ಎರಡು ನಿಮಿಷ ನಿಂತು ಕಿವಿಗೊಡಿರಿ. 'ಸುಸ್' ಎಂದರೆ ಹೇಳಬೇಕಾದವರಿಗೆ ಹೇಳಿರಿ. ಒಂದು ಸಲಕ್ಕೆ ಕೇಳದಿದ್ದರೆ ಮೂರು ಸಲ ಹೇಳಿರಿ. ನಮ್ಮಂಥ ಗುಮಾಸ್ತರು ನಾಲ್ಕನೆಯ ಸಲವಾದರೂ ಎಚ್ಚತ್ತುಕೊಳ್ಳಬಹುದು.