ಪಕ್ಕದ ಹೊಲದಿಂದ ಮೆಕ್ಕೆಜೋಳ ಬೆರಕೆಯಾಗುತ್ತದೆ, ಭತ್ತ ಯಾಕಾಗುವುದಿಲ್ಲ?

ಕಾರಣ ಹೂವಿನ ರಚನೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸೀಮೆಯಲ್ಲಿ ಬೆಳೆಯುವ ಮೆಕ್ಕೆಜೋಳಕ್ಕೆ ಗಂಡು ಹೂ ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂ ದಂಟಿನ ನಡುವಿನ ತೆನೆಯಲ್ಲಿ. ತೆನೆಯಿಂದ ಜೋಲುವ ಒಂದೊಂದು ಎಳೆಯೂ ಒಂದೊಂದು ಕಾಳಿನದು. ಪರಾಗ ತಗುಲದಿದ್ದರೆ ಆ ಜಾಗ ಬೋಳು. ಸೂಲಂಗಿ ಸಾಮಾನ್ಯವಾಗಿ ಮೊದಲೇ ಪರಾಗ ಉದುರಿಸುವುದರಿಂದ, ಎಳೆಗೆ ಸಿಗುವುದು ಬಹುಪಾಲು ಗಾಳಿ ತಂದ ನೆರೆಗಿಡದ ಪರಾಗ. ಬಿತ್ತನೆ ಬೀಜಕ್ಕೆ ಹೊಲಗಳ ಅಂತರ ಬೇಕಾಗುವುದು ಇದಕ್ಕೇ.

ಸ್ವಂತ ಪರಾಗ ತಪ್ಪಿಸುವುದರಲ್ಲಿ ಚನ್ನಗಿರಿಯ ಅಡಿಕೆ ಇನ್ನೂ ಕಟ್ಟುನಿಟ್ಟು: ಒಂದೇ ಹಿಂಗಾರದಲ್ಲಿ ಗಂಡು ಹೂಗಳು ಉದುರಿ ಮುಗಿದ ಮೇಲೆಯೇ ಬುಡದ ಹೆಣ್ಣು ಹೂಗಳು ಸಾಮಾನ್ಯವಾಗಿ ಅರಳುತ್ತವೆ.

ಭತ್ತದ್ದು ತಿರುಗುಮುರುಗು. ಆರು ಕೇಸರಗಳೂ ಶಲಾಕೆಯೂ ಒಂದೇ ಹೂವಿನೊಳಗೆ. ಹೊಟ್ಟು ಬಿಚ್ಚುವ ಹೊತ್ತಿಗೇ ಪರಾಗ ಸ್ವಂತ ಶಲಾಕೆಯ ಮೇಲೆ ಉದುರುತ್ತದೆ. ಬೆರಕೆ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ.